ಓದುಗರ ಪ್ರಶ್ನೆ, ತಜ್ಞರ ಉತ್ತರ: ಬೆನ್ನುಹುರಿಗೆ ಪೆಟ್ಟಾದ ಮೇಲೆ

ಭಾವ ತೆಂಗಿನ ಮರದಿಂದ ಬಿದ್ದು ನಾಲ್ಕು ತಿಂಗಳಾಯಿತು. ರಾಡು, ಸ್ಕ್ರೂ ಹಾಕಿದ್ದಾರೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಎದ್ದು ಓಡಾಡುತ್ತಾರಂತೆ. ಅರ್ಧ ಎಕರೆ ಗದ್ದೆ ಮಾರಿ ಮಾಡಿಸೋಣವೇ? — ಮದ್ದೂರು ತಾಲ್ಲೂಕಿನ ಓದುಗರು

ಗದ್ದೆಗೆ ಕೈ ಹಾಕಬೇಡಿ. ಬೆನ್ನುಹುರಿಯ ಪೆಟ್ಟಿಗೆ ಸ್ಟೆಮ್ ಸೆಲ್ ಇನ್ನೂ ಒಪ್ಪಿತ ಚಿಕಿತ್ಸೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಅದನ್ನು ಪ್ರಯೋಗವಾಗಿ ಮಾತ್ರ ಕೊಡಬಹುದು. ಆ ಪ್ರಯೋಗ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿರಬೇಕು, ರೋಗಿಯಿಂದ ದುಡ್ಡು ಕೇಳುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿ; ಅದಕ್ಕೆ ಮೊದಲು ಪ್ಯಾಕೇಜಿನ ಮಾತು ಬಂದರೆ ಎದ್ದು ಬನ್ನಿ. 2018ರಲ್ಲಿ ಜಪಾನ್ ಇಂಥದೊಂದಕ್ಕೆ ಅನುಮತಿ ಕೊಟ್ಟದ್ದು ನಿಜ, ಆದರೆ ಷರತ್ತಿನ ಮೇಲೆ, ಅದೂ ಪೆಟ್ಟು ಹೊಸದಾಗಿರುವವರಿಗೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಏಷಿಯಾ' (ASIA, ಹುರಿಯ ಪೆಟ್ಟು ಎಷ್ಟು ತೀವ್ರ ಎಂದು ಹೇಳುವ ಶ್ರೇಣಿ) ಎಂಬುದರ ಮುಂದೆ ಯಾವ ಅಕ್ಷರವಿದೆ ನೋಡಿ. ಗುದದ್ವಾರದ ಸುತ್ತ ಮುಟ್ಟಿದ್ದು, ಒಳಗೆ ಬೆರಳಿಂದ ಒತ್ತಿದ್ದು ಯಾವುದೂ ಗೊತ್ತಾಗದೆ, ಬಿಗಿಹಿಡಿಯಲೂ ಆಗದಿದ್ದರೆ ಎ. ಸ್ಪರ್ಶ ಮಾತ್ರ ಉಳಿದಿದ್ದರೆ ಬಿ. ಪೆಟ್ಟಿನ ಕೆಳಗೆ ಚಲನೆಯೂ ಇದ್ದರೆ ಸಿ ಅಥವಾ ಡಿ. ಮುಂದಿನ ಅಂದಾಜೆಲ್ಲ ನಿಂತಿರುವುದು ಈ ಪರೀಕ್ಷೆಯ ಮೇಲೆ. ಸಂಕೋಚಕ್ಕೋ ಅವಸರಕ್ಕೋ ಬಿಟ್ಟುಹೋಗುವುದೂ ಇದೇ. ಬಿದ್ದ ಮೊದಲ ದಿನಗಳಲ್ಲಿ ಹುರಿ ಮಂಕಾಗಿರುತ್ತದೆ, ಆಗ ಬರೆದ 'ಎ' ಕೊನೆಯ ಮಾತಲ್ಲ. ಈಗ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಮಂಡ್ಯದ ಮಿಮ್ಸ್‌ನಲ್ಲಿ ವಿಚಾರಿಸಿ. ನರರೋಗಿಗಳಿಗೆಂದೇ ಪುನಶ್ಚೇತನ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಚೇತರಿಕೆಯ ದೊಡ್ಡ ಪಾಲು ಸಾಮಾನ್ಯವಾಗಿ ಮೊದಲ ಆರರಿಂದ ಒಂಬತ್ತು ತಿಂಗಳಲ್ಲೇ ಆಗಿಬಿಡುವುದರಿಂದ, ಇರುವ ದುಡ್ಡು ಈಗ ಫಿಸಿಯೋಥೆರಪಿಗೆ ಹೋಗಲಿ.

ಬೆನ್ನಿಗೆ ಕರೆಂಟ್ ಕೊಟ್ಟು ನಡೆಸುತ್ತಾರೆ ಎಂಬ ವಿಡಿಯೋ ನೋಡಿದೆ. ನಿಜವೇ? — ಪಾಂಡವಪುರ

ನಿಜ, ಆದರೆ ವಿಡಿಯೋದಲ್ಲಿ ಕಾಣದ ಭಾಗವೇ ಹೆಚ್ಚು. 2018ರಲ್ಲಿ ಅಮೆರಿಕದ ಲೂಯಿವಿಲ್, ಮೇಯೋ ಕ್ಲಿನಿಕ್ ಹಾಗೂ ಸ್ವಿಟ್ಜರ್ಲೆಂಡಿನ ಲೊಸಾನ್ ತಂಡಗಳು ಪೆಟ್ಟಿನ ಕೆಳಗಿನ ಹುರಿಯ ಮೇಲೆ ಎಲೆಕ್ಟ್ರೋಡ್ ಕೂರಿಸಿ ಕೆಲವರನ್ನು ಹೆಜ್ಜೆ ಹಾಕಿಸಿದವು. ಕರೆಂಟು ಹುರಿಯನ್ನು ಬೆಸೆಯುವುದಿಲ್ಲ. ಮಂಕಾಗಿ ಉಳಿದ ನರಗಳು ಓಗೊಡುವ ಮಟ್ಟಕ್ಕೆ ಅವನ್ನು ಎಚ್ಚರಿಸುತ್ತದೆ, ಅಷ್ಟೇ. ಅದರ ಜೊತೆಗೆ ತಿಂಗಳುಗಟ್ಟಲೆ ತಾಲೀಮು, ವಾಕರ್ ಅಥವಾ ಮೇಲಿಂದ ಎತ್ತಿಹಿಡಿಯುವ ಪಟ್ಟಿ ಎಲ್ಲ ಇದ್ದವು. ಚರ್ಮದ ಮೇಲಿಂದಲೇ ಕರೆಂಟ್ ಕೊಡುವ ಸಾಧನವೊಂದಕ್ಕೆ ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು. 60 ಜನರ ಪ್ರಯೋಗದಲ್ಲಿ ಶೇ 72ರಷ್ಟು ಮಂದಿಗೆ ಕೈಯ ಬಲವೂ ಕೆಲಸವೂ ಸುಧಾರಿಸಿದ್ದವು. ಕುತ್ತಿಗೆಯ ಹುರಿಗೆ ಪೆಟ್ಟಾದವರ ಕೈಗೆ ಮಾತ್ರ ಅದು, ಕಾಲಿಗಲ್ಲ. ನೋವಿಗೆಂದು ಅಂಗಡಿಯಲ್ಲಿ ಮಾರುವ ಟೆನ್ಸ್ ಯಂತ್ರವೇ ಇದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೀಲು ಸೆಟೆದುಕೊಂಡವರನ್ನು, ಹಾಸಿಗೆ ಹುಣ್ಣಾದವರನ್ನು ಇಂಥ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೂ ಇಲ್ಲ.

ಬೈಕ್ ಅಪಘಾತವಾದ ಮಗನಿಗೆ ಆರು ತಿಂಗಳಿಂದ ಯೂರಿನ್ ಬ್ಯಾಗ್ ಇದೆ. ಕೈಗಳು ಚೆನ್ನಾಗಿವೆ. ತಿಂಗಳಿಗೊಮ್ಮೆ ಜ್ವರ. — ಕುವೆಂಪುನಗರ, ಮೈಸೂರು

ಕೈ ಆಡುತ್ತಿದ್ದರೆ ಒಳಗೇ ಇಟ್ಟ ನಳಿಕೆಯನ್ನು ಬಿಟ್ಟು, ಆಗಾಗ ಹಾಕಿ ತೆಗೆಯುವ ಕ್ರಮಕ್ಕೆ ಬರುವುದು ಲೇಸು. ಯುರಾಲಜಿಸ್ಟ್ ಒಪ್ಪಿದ ಮೇಲೆ, ಮೊದಲ ಕೆಲವು ಸಲ ನರ್ಸ್ ಎದುರಿನಲ್ಲೇ ಕಲಿಯಲಿ. ವಯಸ್ಕರಿಗೆ ಸಾಮಾನ್ಯವಾಗಿ 12 ಅಥವಾ 14 ನಂಬರಿನ ನಳಿಕೆ. ಸೋಪಿನಿಂದ ಕೈ ಮತ್ತು ಶಿಶ್ನದ ತುದಿ ತೊಳೆದು, ನಳಿಕೆಗೆ ಜೆಲ್ಲಿ ಧಾರಾಳವಾಗಿ ಸವರಿ, ಶಿಶ್ನವನ್ನು ಹೊಟ್ಟೆಯ ಕಡೆಗೆ ನೆಟ್ಟಗೆ ಎತ್ತಿ ಹಿಡಿದು ನಿಧಾನ ತೂರಿಸಬೇಕು. ಮೂತ್ರ ಬರತೊಡಗಿದ ಮೇಲೂ ಒಂದೆರಡು ಇಂಚು ಒಳಗೆ ಹೋಗಲಿ. ಅಡ್ಡ ಸಿಕ್ಕರೆ ನೂಕಬೇಡಿ. ದೀರ್ಘ ಉಸಿರು ಬಿಡಿಸಿ, ಕಾದು, ಮತ್ತೆ ಪ್ರಯತ್ನಿಸಿ. ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ನಾಲ್ಕರಿಂದ ಆರು ಗಂಟೆಗೊಮ್ಮೆ, ಒಂದು ಸಲಕ್ಕೆ 500 ಮಿ.ಲೀ. ಮೀರದಂತೆ. ಮೀರುತ್ತಿದ್ದರೆ ಅಂತರ ಕಡಿಮೆ ಮಾಡಿ. ಅಳತೆ ಲೋಟ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ಎರಡು ಲೀಟರಿನಷ್ಟು ನೀರನ್ನು ಹಂಚಿ ಕುಡಿಯಲಿ, ರಾತ್ರಿ ಎಂಟರ ನಂತರ ಕಡಿಮೆ. ಮೂತ್ರ ಬರಲೆಂದು ಹೊಟ್ಟೆ ಒತ್ತುವುದು ಬೇಡ: ಒತ್ತಡ ಮೇಲೇರಿದರೆ ಕಿಡ್ನಿಗೇ ಕುತ್ತು. ಮೂತ್ರ ಮಬ್ಬಾಗಿದೆ, ರಿಪೋರ್ಟಿನಲ್ಲಿ ಕ್ರಿಮಿ ಇದೆ ಎಂಬುದಕ್ಕಷ್ಟೇ ಆಂಟಿಬಯಾಟಿಕ್ ಕೊಡುವ ರೂಢಿ ತಪ್ಪು. ಜ್ವರ, ಚಳಿ, ಹೆಚ್ಚಿದ ಸೆಳೆತ ಇದ್ದರೆ ಚಿಕಿತ್ಸೆ ಬೇಕು. ವರ್ಷಕ್ಕೊಮ್ಮೆ ಕಿಡ್ನಿಯ ಸ್ಕ್ಯಾನ್ ತಪ್ಪಿಸಬೇಡಿ.

ಅಣ್ಣನಿಗೆ ಎದೆಯಿಂದ ಕೆಳಗೆ ಸ್ವಾಧೀನವಿಲ್ಲ. ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ, ಮುಖ ಕೆಂಪಗಾಗಿ ಬೆವರುತ್ತದೆ. ಬಿಪಿ 150. 'ಅಷ್ಟೇನಿಲ್ಲ' ಎಂದರು. — ಶ್ರೀರಂಗಪಟ್ಟಣ

ಬೇರೆಯವರಿಗೆ ಅಷ್ಟೇನಿಲ್ಲದಿರಬಹುದು. ಬೆನ್ನುಹುರಿಯ ಎದೆ ಭಾಗದ ಆರನೇ ಮಟ್ಟ (ರಿಪೋರ್ಟಿನಲ್ಲಿ T6) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರ ಬಿಪಿಯ ಮೇಲಿನ ಅಂಕಿ ಸಾಮಾನ್ಯವಾಗಿ 90–110 ಇರುತ್ತದೆ. ಅಲ್ಲಿಂದ 20–40 ಏರಿದರೂ ಅಪಾಯ, ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಉಡಿದಾರ, ಬೆಲ್ಟು, ಸಾಕ್ಸು ಸಡಿಲಿಸಿ. ಬಿಪಿ ಏರಿಸುವುದು ಸಾಮಾನ್ಯವಾಗಿ ಪೆಟ್ಟಿನ ಕೆಳಗಿನ ಯಾವುದೋ ಕಿರಿಕಿರಿ, ಅದನ್ನು ಹುಡುಕಿ: ಮೂತ್ರದ ನಳಿಕೆ ಮಡಚಿದೆಯೇ, ಚೀಲ ತುಂಬಿದೆಯೇ ನೋಡಿ. ನಳಿಕೆ ಇಲ್ಲದಿದ್ದರೆ ಹಾಕಿ ಮೂತ್ರ ತೆಗೆಯಿರಿ. ಆಮೇಲೆ ಕಟ್ಟಿದ ಮಲ, ಹುಣ್ಣು, ಒಳಕ್ಕೆ ಬೆಳೆದ ಉಗುರು ಹುಡುಕಿ. ಬಿಪಿ ಐದು ನಿಮಿಷಕ್ಕೊಮ್ಮೆ ನೋಡಿ, ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಅಣ್ಣನ ಮಾಮೂಲಿ ಬಿಪಿ ಎಷ್ಟೆಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ, ಡ್ಯೂಟಿ ಡಾಕ್ಟರಿಗೆ ಅದನ್ನೇ ಮೊದಲು ತೋರಿಸಿ.

ಹುಣ್ಣಾಗದಿರಲೆಂದು ವೀಲ್‌ಚೇರ್ ಮೇಲೆ ಗಾಳಿ ತುಂಬಿದ ಟ್ಯೂಬ್ ಇಟ್ಟಿದ್ದೇವೆ. ಸರಿಯೇ? — ಮಳವಳ್ಳಿ

ತೆಗೆದುಬಿಡಿ. ಉಂಗುರದ ಅಂಚು ಸುತ್ತಲಿನ ರಕ್ತನಾಳಗಳನ್ನು ಒತ್ತಿ ನಡುವಿನ ಚರ್ಮಕ್ಕೆ ರಕ್ತ ಹೋಗದಂತೆ ಮಾಡುತ್ತದೆ. ವೀಲ್‌ಚೇರಿನ ಕುಶನ್ ಹಾಕಿ, ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ತೊಡೆಯ ಮೇಲೆ ಮುಂದಕ್ಕೆ ಬಾಗಿಸಿ. ಹಾಸಿಗೆಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಏರ್ ಬೆಡ್ ಇದ್ದರೂ. ಚರ್ಮ ಕೆಂಪಾದ ಕಡೆ ತಿಕ್ಕಬೇಡಿ. ಅದು ಮಾಯುವವರೆಗೆ ಆ ಜಾಗದ ಮೇಲೆ ಭಾರ ಬೀಳಬಾರದು. ಬಿಸಿ ಕಾಫಿ ಲೋಟವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಅಭ್ಯಾಸವನ್ನೂ ಬಿಡಿಸಿ.