ಓದುಗರ ಪ್ರಶ್ನೆ: ಉಷ್ಣವಲಯದ ನಗರಗಳಲ್ಲಿ ವರ್ಷವಿಡೀ ಮಳೆಯೇ?

ಪ್ರಶ್ನೆ: ಉಷ್ಣವಲಯದ ಊರುಗಳಲ್ಲಿ ವರ್ಷಪೂರ್ತಿ ಮಳೆ ಸುರಿಯುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತಿದ್ದೆವು. ಆದರೆ ಮಗಳ ಭೂಗೋಳದ ಪುಸ್ತಕದಲ್ಲಿರುವ ನೈರೋಬಿ ನಗರದ ಮಳೆಯ ನಕ್ಷೆಯಲ್ಲಿ ಹನ್ನೆರಡು ತಿಂಗಳ ಕಂಬಗಳು ಎರಡು ಕಡೆ ಎದ್ದು ಎರಡು ಕಡೆ ಕುಗ್ಗಿವೆ. ಸಮಭಾಜಕ ವೃತ್ತಕ್ಕೆ ಅಷ್ಟು ಹತ್ತಿರವಿರುವ ಊರಿನಲ್ಲಿ ಹೀಗೇಕೆ?

ಉತ್ತರ: ನಕ್ಷೆ ಸರಿಯಾಗಿಯೇ ಇದೆ, ನಾವೆಲ್ಲ ಕಲಿತ ಆ ವಾಕ್ಯವೇ ಅರ್ಧಸತ್ಯ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಈ ಪಟ್ಟಿಯಲ್ಲಿ ವರ್ಷವಿಡೀ ಹೆಚ್ಚು ಬದಲಾಗದೆ ಉಳಿಯುವುದು ಬಿಸಿಯೇ ಹೊರತು ಮಳೆಯಲ್ಲ. ಅಲ್ಲಿ ಒಂದು ಋತುವನ್ನು ಇನ್ನೊಂದರಿಂದ ಬೇರೆ ಮಾಡುವುದೇ ಮಳೆ.

ಎರಡೂ ಗೋಳಾರ್ಧಗಳಿಂದ ಬೀಸಿ ಬರುವ ವಾಣಿಜ್ಯ ಮಾರುತಗಳು ಸಮಭಾಜಕದ ಆಸುಪಾಸಿನಲ್ಲಿ ಸಂಧಿಸಿದಾಗ ತೇವ ತುಂಬಿದ ಗಾಳಿ ಮೇಲೇರಿ, ತಣಿದು, ಮೋಡಗಟ್ಟುತ್ತದೆ. ಈ ಮೋಡದ ಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ. ಸೂರ್ಯ ಉತ್ತರಕ್ಕೆ ಸರಿದರೆ ಉತ್ತರಕ್ಕೆ, ದಕ್ಷಿಣಕ್ಕೆ ಸರಿದರೆ ದಕ್ಷಿಣಕ್ಕೆ, ಕೆಲವು ವಾರ ತಡವಾಗಿ ಅವನನ್ನು ಹಿಂಬಾಲಿಸುತ್ತದೆ. ಹಾಗಾಗಿ ಸಮಭಾಜಕದ ಬಳಿಯ ಊರನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟುತ್ತದೆ. ನೈರೋಬಿಯಲ್ಲಿ ಮಾರ್ಚ್‌ನಿಂದ ಮೇವರೆಗಿನ ಮಳೆಗೆ ‘ದೀರ್ಘ ಮಳೆ’ ಎಂದೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಗೆ ‘ಕಿರು ಮಳೆ’ ಎಂದೂ ಹೆಸರು. ನೈಜೀರಿಯಾದ ಲಾಗೋಸ್‌ನಲ್ಲಿಯೂ ಎರಡು ಮಳೆಗಾಲಗಳಿವೆ. ನಡುವೆ ಬರುವ ಒಣ ದಿನಗಳನ್ನು ಅಲ್ಲಿನವರು ‘ಆಗಸ್ಟ್ ವಿರಾಮ’ ಎನ್ನುತ್ತಾರೆ. ಸಮಭಾಜಕದಿಂದ ಇನ್ನೂ ದೂರ ಹೋದಂತೆ ಆ ಎರಡು ಮಳೆಗಾಲಗಳು ಕೂಡಿಕೊಂಡು ಒಂದಾಗುತ್ತವೆ. ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಮಳೆ ಹೆಚ್ಚುಕಡಿಮೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸುರಿದು ಮುಗಿಯುತ್ತದೆ, ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಅಲ್ಲಿ ಹನಿ ಕಾಣುವುದೇ ಅಪರೂಪ.

ಆದರೆ ಅಕ್ಷಾಂಶವೊಂದನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ನೈರೋಬಿ ಸಮಭಾಜಕದ ದಕ್ಷಿಣಕ್ಕೆ ಸುಮಾರು 1.3 ಡಿಗ್ರಿಯಲ್ಲಿದ್ದರೆ, ಸಿಂಗಪುರ ಉತ್ತರಕ್ಕೆ ಅಷ್ಟೇ ದೂರದಲ್ಲಿದೆ. ಆದರೂ ಸಿಂಗಪುರದಲ್ಲಿ ನಿಜವಾದ ಒಣ ತಿಂಗಳು ಎಂಬುದೇ ಇಲ್ಲ. ಬೆಚ್ಚನೆಯ ಕಡಲು ಅದನ್ನು ಎಲ್ಲ ದಿಕ್ಕಿನಿಂದಲೂ ಸುತ್ತುವರಿದಿರುವುದರಿಂದ ಗಾಳಿ ಯಾವ ಕಡೆಯಿಂದ ಬಂದರೂ ತೇವ ಹೊತ್ತೇ ಬರುತ್ತದೆ. ಈಶಾನ್ಯ ಮಾರುತದ ಡಿಸೆಂಬರ್‌ನಲ್ಲಿ ಸರಾಸರಿ 300 ಮಿಲಿಮೀಟರ್‌ಗೂ ಹೆಚ್ಚು ಮಳೆಯಾದರೆ, ಎಲ್ಲಕ್ಕಿಂತ ಒಣದಾದ ಫೆಬ್ರುವರಿಯಲ್ಲಿಯೂ ಸುಮಾರು 100 ಮಿಲಿಮೀಟರ್ ಬೀಳುತ್ತದೆ. ಹವಾಗುಣಗಳನ್ನು ವಿಂಗಡಿಸಿದ ವ್ಲಾದಿಮಿರ್ ಕೋಪೆನ್ ಉಷ್ಣವಲಯದ ಒಣ ತಿಂಗಳಿಗೆ ಹಾಕಿದ ಗೆರೆ 60 ಮಿಲಿಮೀಟರ್. ಇದಕ್ಕೆ ತೀರ ವಿರುದ್ಧವಾಗಿರುವುದು ಪೆರುವಿನ ಲಿಮಾ. ಅದೂ ಉಷ್ಣವಲಯದ್ದೇ, ಅದೂ ಕಡಲ ತೀರದ್ದೇ. ಆದರೆ ಹಂಬೋಲ್ಟ್ ಎಂಬ ತಣ್ಣನೆಯ ಕಡಲ ಪ್ರವಾಹ ತೀರದ ಗಾಳಿಯನ್ನು ತಣ್ಣಗಾಗಿಸಿ ಮೇಲೇಳಲು ಬಿಡದ ಕಾರಣ, ಚಳಿಗಾಲದ ಮಂಜು ಮತ್ತು ತೀರ ಸಣ್ಣ ತುಂತುರನ್ನು ಬಿಟ್ಟರೆ ಅಲ್ಲಿ ಮಳೆಯೇ ಇಲ್ಲವೆನ್ನಬಹುದು.

ಪ್ರಶ್ನೆ: ಸಿಂಗಪುರದ ವರ್ಷದ ಸರಾಸರಿ ಮಳೆ ಸುಮಾರು 2,100 ಮಿಲಿಮೀಟರ್ ಎಂದರೆ ನಾವು ಏನೆಂದು ತಿಳಿಯಬೇಕು?

ಉತ್ತರ: ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಮಳೆಮಾಪಕದ ಆಲಿಕೆಯ ಮೂಲಕ ಇಳಿದ ನೀರನ್ನು ವೀಕ್ಷಕರು ದಿನವೂ ಗೊತ್ತಾದ ಹೊತ್ತಿಗೆ ಅಳತೆಯ ಗಾಜಿಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಗಾಜಿನ ಅಂಚಿಗೆ ಏರಿದ ನೀರನ್ನು ಬಿಟ್ಟು ನಡುವಿನ ತಗ್ಗನ್ನು ಓದಿಕೊಳ್ಳುತ್ತಾರೆ. ಹೀಗೆ ಮೂವತ್ತು ವರ್ಷ ಬರೆದಿಟ್ಟ ಅಂಕಿಗಳ ಸರಾಸರಿಯೇ ನೀವು ಕೇಳಿದ ಸಂಖ್ಯೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ಇಷ್ಟು ತಾಳ್ಮೆಯ ದುಡಿಮೆಯಿಂದ ಬಂದ ಸಂಖ್ಯೆಯ ಬಗ್ಗೆ ನನಗೆ ತುಂಬ ಗೌರವವಿದೆ, ಆದರೆ ಊರಿನ ಚರಂಡಿಯನ್ನು ಕಟ್ಟುವವರು ಅದನ್ನೇ ನೆಚ್ಚಿಕೊಂಡರೆ ಊರು ಮುಳುಗುತ್ತದೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ನೂರು ಚದರ ಮೀಟರ್‌ನ ಒಂದು ತಾರಸಿಯ ಮೇಲೆ 94,400 ಲೀಟರ್ ನೀರು! ಸಿಂಗಪುರ ಒಂದು ವರ್ಷದಲ್ಲಿ ಕಾಣುವ ಮಳೆಯ ಅರ್ಧಕ್ಕೆ ಹತ್ತಿರದಷ್ಟು ಒಂದೇ ದಿನ ಬಿದ್ದಂತಾಯಿತು. ಅದೇ ನೀರು ಹದಿನೈದು ದಿನಗಳಲ್ಲಿ ಹಂಚಿ ಬಿದ್ದಿದ್ದರೆ ಅದು ಹರಿದುಹೋಗಲು ಹೆಚ್ಚು ಸಮಯ ಸಿಗುತ್ತಿತ್ತು. ಆದ್ದರಿಂದ ವಾರ್ಷಿಕ ಮೊತ್ತದ ಜೊತೆಗೆ ಮಳೆ ಬಿದ್ದ ದಿನಗಳೆಷ್ಟು, ಒಂದೇ ದಿನ ಬಿದ್ದ ಅತಿ ಹೆಚ್ಚು ಮಳೆ ಎಷ್ಟು ಎಂಬುದನ್ನೂ ಕೇಳಿ ತಿಳಿಯಿರಿ.

ಪ್ರಶ್ನೆ: ಇಂತಹ ಊರುಗಳಲ್ಲಿ ಮಳೆ ಮಧ್ಯಾಹ್ನದ ಮೇಲೆಯೇ ಬರುವುದೇಕೆ?

ಉತ್ತರ: ನೆಲ ಕಾಯಲು ಅಷ್ಟು ಹೊತ್ತು ಬೇಕು. ಬೆಳಗ್ಗೆ ನಿರಭ್ರವಾಗಿದ್ದ ಆಕಾಶದಲ್ಲಿ ಹನ್ನೊಂದರ ಸುಮಾರಿಗೆ ಅರಳೆಯಂತಹ ಸಣ್ಣ ಮೋಡಗಳು ಮೂಡುತ್ತವೆ. ಎರಡು ಗಂಟೆಯ ಹೊತ್ತಿಗೆ ಅವುಗಳ ತಲೆ ಹೂಕೋಸಿನಂತೆ ಉಬ್ಬಿ, ತಳ ಕಪ್ಪಾಗುತ್ತದೆ. ಮೊದಲು ತಣ್ಣನೆಯ ಗಾಳಿಯೊಂದು ನುಗ್ಗಿ ಬರುತ್ತದೆ, ಹಿಂದೆಯೇ ದಪ್ಪ ಹನಿಗಳು, ಗುಡುಗು. ಹೀಗೆ ಸುರಿದ ಮಳೆಯೇ ನೆಲವನ್ನು ತಣಿಸಿ, ತನ್ನನ್ನು ಸಾಕುತ್ತಿದ್ದ ಬಿಸಿಯನ್ನು ಕಡಿದುಹಾಕುವುದರಿಂದ ಬಹಳ ಸಲ ಒಂದೆರಡು ಗಂಟೆಗಳಲ್ಲಿ ನಿಲ್ಲುತ್ತದೆ. ಆದರೆ ಕಡಲ ಮೇಲಿನ ಮೋಡಗಳು ರಾತ್ರಿ ಹೊತ್ತು ಬೆಳೆಯುವುದೇ ಹೆಚ್ಚು. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸುಮಾತ್ರಾ ದ್ವೀಪ ಮತ್ತು ಮಲಕ್ಕಾ ಜಲಸಂಧಿಯ ಮೇಲೆ ರಾತ್ರಿ ಕಟ್ಟಿದ ಗುಡುಗು ಮೋಡಗಳ ಸಾಲು ಪೂರ್ವಕ್ಕೆ ಸರಿದು, ಬೆಳಗಿನ ಜಾವದಲ್ಲಿ ಸಿಂಗಪುರಕ್ಕೆ ಬಿರುಗಾಳಿಯೊಡನೆ ಅಪ್ಪಳಿಸುವುದುಂಟು.