ಕೂನ್‌ಹೌಂಡ್‌ಗಳಲ್ಲಿ ಹಳೇ ಜಾಡು ಬಿಡಿಸೋದು ಯಾವುದು?

ನಿಮ್ಮ ಪ್ರಶ್ನೆ ಇದು: "ಟೆನೆಸ್ಸೀಗೆ ಬಂದು ಒಂದು ವರ್ಷ ಆಯ್ತು. ಆಫೀಸಿನವರು ರಾತ್ರಿ ರಕೂನ್ ಬೇಟೆ ನೋಡೋಕೆ ಕರೆಯುತ್ತಿದ್ದಾರೆ. ಒಬ್ಬರ ಬ್ಲೂಟಿಕ್ ನಾಯಿ ಗಂಟೆಗಟ್ಟಲೆ ಹಳೆಯ ವಾಸನೆಯನ್ನೂ ಹಿಡಿದು ಹೋಗುತ್ತದಂತೆ, ಇನ್ನೊಬ್ಬರ ವಾಕರ್‌ಗೆ ಅದು ಆಗಲ್ಲವಂತೆ. ಎರಡೂ ಕೂನ್‌ಹೌಂಡೇ ಅಲ್ವಾ? ಯಾಕೆ ಈ ವ್ಯತ್ಯಾಸ?"

ಕೂನ್‌ಹೌಂಡ್ ಅಂದರೆ ವಾಸನೆ ಹಿಡಿದು ಹೋಗಿ ರಕೂನ್ ಹತ್ತಿದ ಮರ ತೋರಿಸುವ ಬೇಟೆನಾಯಿ. ಬ್ಲೂಟಿಕ್, ವಾಕರ್ ಎರಡೂ ಅದರ ತಳಿಗಳೇ. ಮೂಗಿನಲ್ಲಿ ವ್ಯತ್ಯಾಸ ಇದ್ದೇ ಇದೆ. ಆದರೆ ನಾನು ಕಂಡ ಮಟ್ಟಿಗೆ, ಅದಕ್ಕಿಂತ ಜಾಸ್ತಿ ವ್ಯತ್ಯಾಸ ತಾಳ್ಮೆಯಲ್ಲಿದೆ. ಆ ತಾಳ್ಮೆ ಬೇಕು ಅಂದವರು ಒಂದು ಕಡೆ ಹೋದರು, ಬೇಡ ಅಂದವರು ಇನ್ನೊಂದು ಕಡೆ. ನಾಯಿಗಳ ತಳಿಯೂ ಹಾಗೇ ಒಡೆಯಿತು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಾನಿರುವುದು ನಿಮ್ಮ ಪಕ್ಕದ ಕೆಂಟಕಿಯಲ್ಲಿ. ಹುಟ್ಟೂರು ಸಾಗರದ ಹತ್ತಿರ. ನಾನು ಬೇಟೆಗಾರನಲ್ಲ, ಬಂದೂಕು ಮುಟ್ಟಿದವನೂ ಅಲ್ಲ. ನಮ್ಮ ಬೀದಿಯ ಕೊನೇ ಮನೆಯ ಅಜ್ಜನಿಗೆ ಮಂಡಿ ನೋವು. ಗಾಡಿ ಓಡಿಸೋಕೆ, ಲೈಟ್ ಹಿಡಿಯೋಕೆ, ಬೇಲಿ ದಾಟುವಾಗ ಕೈ ಕೊಡೋಕೆ ಒಬ್ಬರು ಬೇಕಿತ್ತು. ಹಾಗೆ ಶುರುವಾಗಿದ್ದು, ಆರು ಚಳಿಗಾಲ ಕಳೆಯಿತು. ಅಜ್ಜನ ಹತ್ತಿರ ಒಂಬತ್ತು ವರ್ಷದ ಬ್ಲೂಟಿಕ್ ಹೆಣ್ಣುನಾಯಿ ಇದೆ. ಅವರ ಅಳಿಯನ ಹತ್ತಿರ ಮೂರು ವರ್ಷದ ಟ್ರೀಯಿಂಗ್ ವಾಕರ್ ಇದೆ. ನಿಮ್ಮ ಪ್ರಶ್ನೆಯ ಎರಡು ನಾಯಿಗಳೂ ನನ್ನ ಕಣ್ಣೆದುರೇ ಇವೆ ಅನ್ನಿ.

ಮೊದಲು ಒಂದು ಮಾತು. ನಮ್ಮ ಮುಧೋಳ ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿಮಗೆ ನಿರಾಸೆ ಆಗುತ್ತದೆ. ಮುಧೋಳ ಕಣ್ಣಲ್ಲಿ ನೋಡಿ ಓಡಿ ಹಿಡಿಯುವ ನಾಯಿ. ಕೂನ್‌ಹೌಂಡ್ ಬೇಟೆಯಲ್ಲಿ ನಿಮಗೆ ನಾಯಿಯೇ ಕಾಣಿಸುವುದಿಲ್ಲ. ಕತ್ತಲಲ್ಲಿ ಬಿಟ್ಟು, ಜನ ಸುಮ್ನೆ ನಿಂತು ಕೇಳುತ್ತಾರೆ, ಅಷ್ಟೇ. ನಾಯಿ ವಾಸನೆ ಹಿಡಿದು ಕೂಗುತ್ತಾ ಹೋಗಿ, ರಕೂನ್ ಹತ್ತಿದ ಮರದ ಬುಡಕ್ಕೆ ನಿಂತು ಬೇರೆ ರೀತಿ ಬೊಗಳುತ್ತದೆ. ಆಗ ಜನ ಅಲ್ಲಿಗೆ ನಡೆಯುತ್ತಾರೆ. ಇಡೀ ಆಟ ಕಿವಿಯದು.

ಈಗ ಜಾಡಿನ ವಿಷಯ. ರಕೂನ್ ರಾತ್ರಿ ಓಡಾಡುವ ಪ್ರಾಣಿ. ಹಳ್ಳದ ಅಂಚಿನಲ್ಲಿ ಸಿಗಡಿ ಜಾತಿಯ ಜೀವಿ, ಕಪ್ಪೆ ತಡಕುತ್ತಾ, ಜೋಳದ ಹೊಲಕ್ಕೆ ನುಗ್ಗುತ್ತಾ ಹೋಗುತ್ತದೆ. ಅದು ಅಂಗಾಲು ಪೂರ್ತಿ ಊರಿ ನಡೆಯುತ್ತದೆ, ನಮ್ಮ ಹಾಗೆ. ಹೆಜ್ಜೆ ಇಟ್ಟ ಕಡೆಯೆಲ್ಲ ಪಾದದ ಜಿಡ್ಡು, ಉದುರಿದ ಚರ್ಮದ ಕಣ, ಜಜ್ಜಿದ ಹುಲ್ಲಿನ ವಾಸನೆ ಉಳಿಯುತ್ತದೆ. ಬೇಗ ಹಾರಿಹೋಗುವ ವಾಸನೆ ಮೊದಲು ಹೋಗುತ್ತದೆ. ಭಾರವಾದದ್ದು ಮಣ್ಣಿಗೆ, ತರಗೆಲೆಗೆ ಅಂಟಿಕೊಂಡು ಉಳಿಯುತ್ತದೆ. ಈಗಷ್ಟೇ ಹೋದ ಜಾಡನ್ನು ಇಲ್ಲಿನವರು ಬಿಸಿ ಅನ್ನುತ್ತಾರೆ, ಗಂಟೆಗಳ ಹಿಂದಿನದನ್ನು ತಣ್ಣಗಿದೆ ಅನ್ನುತ್ತಾರೆ. ತಣ್ಣನೆ ಜಾಡನ್ನೂ ಹಿಡಿಯುವ ನಾಯಿಗೆ 'ಕೋಲ್ಡ್ ನೋಸ್' ಅಂತ ಹೆಸರು. ನಾನು ಮೊದಲ ಸಲ ಕೇಳಿದಾಗ ಪೆದ್ದನ ಹಾಗೆ ನಾಯಿಯ ಮೂಗು ಮುಟ್ಟಿ ನೋಡಿದ್ದೆ. ಅಜ್ಜ ಅದನ್ನು ಇವತ್ತಿಗೂ ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಗಡಿಯಾರದ ಲೆಕ್ಕ ಇಲ್ಲಿ ಅರ್ಧ ಮಾತ್ರ. ಒಣಗಾಳಿ ಬೀಸಿದರೆ, ತರಗೆಲೆ ಗರಿಗರಿ ಒಣಗಿದ್ದರೆ ಒಂದು ಗಂಟೆಯ ಜಾಡೂ ಸತ್ತಂತೆ. ನೆಲ ತೇವ ಇದ್ದು, ಗಾಳಿ ನಿಂತಿದ್ದರೆ ನಾಲ್ಕು ಗಂಟೆಯ ಜಾಡೂ ಮಾತಾಡುತ್ತದೆ. ಗಟ್ಟಿ ಹಿಮ ಬಿದ್ದು ನೆಲ ಕಲ್ಲಾದಾಗ ನಾಯಿ ಪೆಚ್ಚಾಗಿ ನಿಲ್ಲುತ್ತದೆ. ಅದೇ ನೆಲ ಕರಗೋಕೆ ಶುರುವಾದಾಗ, ಒಂದು ಗಂಟೆ ಹಿಂದೆ ಏನೂ ಇಲ್ಲದ ಜಾಗದಲ್ಲೇ ಬಾಲ ಆಡಿಸೋಕೆ ಶುರು ಮಾಡುತ್ತದೆ. ನಮ್ಮಲ್ಲಿ ಮೊದಲ ಮಳೆ ಬಿದ್ದಾಗ ಮಣ್ಣಿನ ವಾಸನೆ ಏಳುತ್ತಲ್ಲ, ನನಗೆ ಪ್ರತಿ ಸಲ ಅದೇ ನೆನಪಾಗುತ್ತದೆ.

ಎರಡು ವರ್ಷದ ಹಿಂದೆ, ಡಿಸೆಂಬರ್ ಮೊದಲ ವಾರ, ಅಂಥದ್ದೇ ಒಂದು ರಾತ್ರಿ. ಎರಡೂ ನಾಯಿಗಳನ್ನು ಹಳ್ಳದ ಪಕ್ಕ ಒಟ್ಟಿಗೆ ಬಿಟ್ಟರು. ಬಿದ್ದ ಮರವೊಂದು ಹಳ್ಳಕ್ಕೆ ಅಡ್ಡ ಇತ್ತು. ಬ್ಲೂಟಿಕ್ ಅದರ ಮೇಲೆ ಹತ್ತಿ, ತೊಗಟೆಗೆ ಮೂಗು ಒತ್ತಿ ನಿಂತುಬಿಟ್ಟಿತು. ನನ್ನ ಲೈಟ್ ಕೆಂಪು ಬೆಳಕಿನಲ್ಲಿತ್ತು, ಮೂರು ಮಾರು ದೂರ. ಮೂಗಿನ ಹೊಳ್ಳೆಗಳು ಪಟಪಟ ಅಲುಗುತ್ತಿದ್ದವು. ಬಿಟ್ಟ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹೊರಗೆ ಹೋಗಿ, ಪಾಚಿಯ ಮೇಲಿನ ಸಣ್ಣ ಧೂಳು ಎರಡು ಕಡೆಗೂ ಹಾರುತ್ತಿತ್ತು. ಒಂದು ಗೇಣು ಮುಂದೆ. ಮತ್ತೆ ನಿಂತಿತು. ಬಾಲದ ತುದಿ ಮಾತ್ರ ಸುತ್ತುತ್ತಿತ್ತು. ಆಮೇಲೆ ತಲೆ ಎತ್ತಿ ಒಂದೇ ಒಂದು ಉದ್ದನೆ ಕೂಗು. ಅಜ್ಜ ಪಿಸುಗುಟ್ಟಿದರು, "ಇದು ಊಟದ ಹೊತ್ತಿಗೆ ಹೋದದ್ದು." ಆಗ ರಾತ್ರಿ ಹತ್ತೂವರೆ. ಇವರ ಊಟ ಸಂಜೆ ಆರಕ್ಕೆ.

ವಾಕರ್ ಕೂಡ ಅದೇ ಮರ ಮೂಸಿತು. ನಾನು ಕಣ್ಣಾರೆ ನೋಡಿದೆ. ಮೂಸಿ, ಒಂದು ಕ್ಷಣ ನಿಂತು, ಬಿಟ್ಟು ಹೋಯಿತು. ಅದಕ್ಕೆ ವಾಸನೆ ಬರಲಿಲ್ಲ ಅಂತ ನಾನು ಹೇಳಲಾರೆ. ಬಂದರೂ 'ಇದು ಬೇಡ, ಹೊಸದು ಹುಡುಕೋಣ' ಅಂದುಕೊಂಡ ಹಾಗಿತ್ತು. ತಲೆ ಎತ್ತಿ ಗಾಳಿಯಲ್ಲಿ ಮೂಸುತ್ತಾ ದೊಡ್ಡ ಸುತ್ತು ಹಾಕಿತು. ಹತ್ತು ನಿಮಿಷದಲ್ಲಿ ಗುಡ್ಡದ ಆಚೆ ಅದರ ಬೊಗಳು ಕೇಳಿಸಿತು. ಇನ್ನೊಂದು ಎಂಟು ನಿಮಿಷಕ್ಕೆ ಮರದ ಬುಡದಲ್ಲಿ! ಬೇರೆಯದೇ ರಕೂನ್, ಬಿಸಿ ಜಾಡು.

ಬ್ಲೂಟಿಕ್ ಇನ್ನೂ ಹಳ್ಳದಲ್ಲೇ. ಕಾಲು ಮೈಲಿಗೆ ಐವತ್ತು ನಿಮಿಷ. ಒಂದು ಕೂಗು, ಎರಡು ನಿಮಿಷ ಮೌನ. ಜಾಡು ನೀರಿಗಿಳಿದ ಕಡೆ ಎರಡೂ ದಡ ಜಾಲಾಡಿತು. ಆಮೇಲೆ ಕೂಗುಗಳ ನಡುವಿನ ಅಂತರ ಕಡಿಮೆಯಾಗುತ್ತಾ ಬಂತು. ಅಜ್ಜ ಮರದ ಕೊರಡಿನ ಮೇಲಿಂದ ಎದ್ದು ನಿಂತರು. ಕೊನೆಗೆ ಒಂದು ಹಳೇ ಓಕ್ ಮರದ ಬುಡದಲ್ಲಿ ನಾಯಿ ನೆಲೆ ನಿಂತಿತು. ಮರಕ್ಕೆ ದೊಡ್ಡ ಪೊಟರೆ. ರಕೂನ್ ಒಳಗೆ ಬೆಚ್ಚಗಿತ್ತೋ ಏನೋ, ನಮಗೆ ಕಾಣಿಸಲಿಲ್ಲ. ಅಳಿಯ ನಕ್ಕ. ಅಜ್ಜ ನಾಯಿಯ ಕಿವಿ ಹಿಂದೆ ಕೆರೆದು, "ನನಗೆ ಬೇಕಾದ್ದು ಆ ಐವತ್ತು ನಿಮಿಷ" ಅಂದರು.

ಈ ಮಾವ ಅಳಿಯಂದಿರ ಜಗಳ ಹೊಸದಲ್ಲ ನೋಡಿ. ನಾಯಿ ತಳಿಗಳನ್ನು ದಾಖಲು ಮಾಡುವ ಇಲ್ಲಿನ ಸಂಸ್ಥೆ ಯುನೈಟೆಡ್ ಕೆನಲ್ ಕ್ಲಬ್ 1905ರಲ್ಲಿ 'ಇಂಗ್ಲಿಷ್ ಫಾಕ್ಸ್ ಅಂಡ್ ಕೂನ್‌ಹೌಂಡ್' ಅಂತ ಒಂದೇ ಹೆಸರಿನಲ್ಲಿ ನಾಯಿಗಳನ್ನು ದಾಖಲು ಮಾಡಿಕೊಂಡಿತು. ಅದರಲ್ಲಿ ಮೂರು ಬಣ್ಣದವು, ನೀಲಿ ಚುಕ್ಕೆಯವು, ಕೆಂಪು ಚುಕ್ಕೆಯವು ಎಲ್ಲ ಇದ್ದವು. 1945ರಲ್ಲಿ ಮೂರು ಬಣ್ಣದವರು ಟ್ರೀಯಿಂಗ್ ವಾಕರ್ ಅಂತ ಬೇರೆಯಾದರು. ಮರುವರ್ಷ, 1946ರಲ್ಲಿ, ಬ್ಲೂಟಿಕ್‌ನವರೂ ಹೊರಟರು. ಬಣ್ಣ ನೆಪ ಮಾತ್ರ ಅನ್ನಬಹುದು. ಉಳಿದವರು ಚುರುಕಾದ, ಬಿಸಿ ಜಾಡಿನ ನಾಯಿಯ ಕಡೆ ವಾಲುತ್ತಿದ್ದರು. ಬ್ಲೂಟಿಕ್‌ನವರಿಗೆ ತಮ್ಮ ದೊಡ್ಡ ಮೈಯ, ನಿಧಾನದ, ಹಳೇ ಜಾಡು ಬಿಡದ ನಾಯಿ ಹಾಗೇ ಉಳಿಯಬೇಕಿತ್ತು. ಒಂದೇ ಮನೆ, ಹಿಸ್ಸೆ ಆಗಿ ಮೂರು ಒಲೆ. ನಮ್ಮ ಕಡೆ ತೋಟಕ್ಕೆ ಆಗೋದು ಇಲ್ಲಿ ಮೂಗಿಗೆ ಆಯಿತು.

ಆಮೇಲೆ ಸ್ಪರ್ಧೆಗಳು ಈ ಅಂತರವನ್ನು ಇನ್ನೂ ಹಿಗ್ಗಿಸಿದವು ಅಂತ ನನ್ನ ಅನಿಸಿಕೆ. ಇದೇ ಕ್ಲಬ್ಬಿನ ರಾತ್ರಿ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ನಾಲ್ಕು ನಾಯಿ, ಎರಡು ಗಂಟೆ. ರಕೂನನ್ನು ಕೊಲ್ಲುವಂತಿಲ್ಲ, ಬರೀ ಅಂಕ. ನನ್ನ ನಾಯಿ ಜಾಡು ಹಿಡಿಯಿತು ಅಂತ ಮೊದಲು ಕೂಗಿ ಹೇಳಿದವರಿಗೆ 100, ಮುಂದಿನವರಿಗೆ 75, 50, 25. ಮರ ತೋರಿಸಿದ್ದಕ್ಕೆ ಮೊದಲಿನವರಿಗೆ 125. ಮರ ಖಾಲಿ ಇದ್ದರೆ ಅಂಕ ಮೈನಸ್. ಈಗ ನೀವೇ ಹೇಳಿ, ಎರಡು ಗಂಟೆಯಲ್ಲಿ ಐವತ್ತು ನಿಮಿಷ ಒಂದೇ ಹಳೇ ಜಾಡಿಗೆ ಸುರಿದರೆ ಗೆಲ್ಲೋದುಂಟಾ? ಮೂರು ಬಿಸಿ ಜಾಡು ಹುಡುಕಿ ಮೂರು ಮರ ತೋರಿಸುವ ನಾಯಿಯೇ ಗೆಲ್ಲುತ್ತದೆ. ಗೆದ್ದ ನಾಯಿಯ ಮರಿಗೇ ಬೆಲೆ. ವಾಕರ್ ಹೀಗಿರುವುದಕ್ಕೆ ಅದನ್ನು ಬೈಯ್ಯಬೇಡಿ, ಅದಕ್ಕೆ ಹೇಳಿಕೊಟ್ಟ ಪಾಠವೇ ಅದು.

ಉಳಿದ ತಳಿಗಳನ್ನು ಬೇಗ ಹೇಳಿಬಿಡುತ್ತೇನೆ. ಬ್ಲ್ಯಾಕ್ ಅಂಡ್ ಟ್ಯಾನ್‌ನಲ್ಲಿ, ಜಾಡು ಹಿಡಿಯೋಕೆ ಹೆಸರಾದ ಬ್ಲಡ್‌ಹೌಂಡ್ ನಾಯಿಯ ರಕ್ತ ಇದೆ. ಉದ್ದ ಕಿವಿ, ಜೋಲು ತುಟಿ, ತಲೆ ತಗ್ಗಿಸಿ ಹೆಜ್ಜೆಹೆಜ್ಜೆಗೂ ಮೂಸುವ ಸ್ವಭಾವ. ಹಳೇ ಜಾಡಿಗೆ ಬ್ಲೂಟಿಕ್ ಜೊತೆ ನಿಲ್ಲುವುದು ಇದೇ. ಆ ಉದ್ದ ಕಿವಿ ನೆಲ ಗುಡಿಸಿ ವಾಸನೆಯನ್ನು ಮೂಗಿಗೆ ಎತ್ತಿಕೊಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಮುಳ್ಳಿಗೆ ಸಿಕ್ಕಿ ರಕ್ತ ಬರೋದು ಮಾತ್ರ ನೋಡಿದ್ದೇನೆ. ರೆಡ್‌ಬೋನ್ ಮಧ್ಯಮ ಮೂಗಿನದು, ಮರದ ಹತ್ತಿರ ಬಹಳ ಚುರುಕು. ಇಂಗ್ಲಿಷ್, ಅಂದರೆ ಹಿಸ್ಸೆಯ ಮೇಲೆ ಹಳೇ ಹೆಸರಿನಲ್ಲೇ ಉಳಿದದ್ದು, ಈಗ ಹೆಚ್ಚಾಗಿ ವಾಕರ್ ಕಡೆಗೇ ವಾಲುತ್ತದೆ. ಪ್ಲಾಟ್ ನಿಮ್ಮ ಪಕ್ಕದ ನಾರ್ತ್ ಕೆರೊಲಿನಾದ ನಾಯಿ, 1989ರಿಂದ ಆ ರಾಜ್ಯದ ಅಧಿಕೃತ ನಾಯಿ. ಮಿಕ್ಕವೆಲ್ಲ ಫಾಕ್ಸ್‌ಹೌಂಡ್ ಅನ್ನುವ ನರಿ ಬೇಟೆಯ ನಾಯಿಗಳ ಬಳಗದವು, ಇದರ ಬೇರು ಮಾತ್ರ ಜರ್ಮನಿಯಿಂದ ಬಂದ ನಾಯಿಗಳದ್ದು. ಕರಡಿ, ಕಾಡುಹಂದಿ ಹಿಡಿಯೋಕೆ ಬೆಳೆಸಿದ್ದು. ಅದರಲ್ಲಿ ಹಳೇ ಜಾಡಿನ ಮೂಗೂ ಸಿಗುತ್ತದೆ, ಹೊಸದರ ಹಿಂದೆ ಹಾರುವುದೂ ಸಿಗುತ್ತದೆ. ಒಂದೊಂದು ಮನೆತನಕ್ಕೆ ಒಂದೊಂದು ತರ. ಹಾಗೆ ನೋಡಿದರೆ ಇದು ಎಲ್ಲ ತಳಿಗೂ ಸಲ್ಲುವ ಮಾತೇ. ಐದು ಗಂಟೆಯ ಜಾಡು ಬಿಡಿಸುವ ವಾಕರ್ ಇದೆ, ಬಿಸಿ ಜಾಡನ್ನೂ ಕಳೆದುಕೊಳ್ಳುವ ಬ್ಲೂಟಿಕ್ ನಮ್ಮ ಊರಲ್ಲೇ ಇದೆ.

ಇನ್ನೊಂದು ಗೊಂದಲ ಇದೆ. ಮೂಗು ಬೇರೆ, ಬಾಯಿ ಬೇರೆ. ಕೆಲವು ನಾಯಿಗಳು ಸಣ್ಣ ವಾಸನೆ ಸಿಕ್ಕ ತಕ್ಷಣ ಕೂಗುತ್ತವೆ. ಕೆಲವು ಬಾಯಿ ಬಿಗಿ, ಹಳೇ ಜಾಡನ್ನು ಸದ್ದಿಲ್ಲದೆ ಬಿಡಿಸಿಕೊಂಡು ಹೋಗಿ, ಬಿಸಿಯಾದ ಮೇಲಷ್ಟೇ ಕೂಗುತ್ತವೆ. ದೂರದಲ್ಲಿ ನಿಂತವರಿಗೆ ಎರಡನೆಯದು 'ಬಿಸಿ ಮೂಗು' ಅನಿಸಿಬಿಡುತ್ತದೆ. ಪಾಪ, ಅರ್ಧ ಗಂಟೆ ಕೆಲಸ ಮಾಡಿರುತ್ತದೆ. ಇನ್ನು ಏನೂ ಇಲ್ಲದೆ ಸುಮ್ನೆ ಬೊಗಳುವವೂ ಇರುತ್ತವೆ. ಅಂಥ ನಾಯಿ ಇದ್ದವರ ಜೊತೆ ಯಾರೂ ಬೇಟೆಗೆ ಹೋಗುವುದಿಲ್ಲ. ನಿಮ್ಮ ಗೆಳೆಯರು ತಮ್ಮ ನಾಯಿ ಬಗ್ಗೆ ಏನು ಹೇಳಿದರೂ ಇದನ್ನು ನೆನಪಿಟ್ಟುಕೊಳ್ಳಿ.

ಹಳೇ ಜಾಡಿನಲ್ಲಿ ಇನ್ನೊಂದು ಅಪಾಯ ದಿಕ್ಕಿನದು. ನಾರ್ವೆಯವರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಮನುಷ್ಯ ನಡೆದು ಸುಮಾರು 20 ನಿಮಿಷ ಆದ ಹುಲ್ಲಿನ ಮೇಲೆ ಜರ್ಮನ್ ಶೆಫರ್ಡ್ ನಾಯಿಗಳನ್ನು ಬಿಟ್ಟರು. ಅವು ಎರಡರಿಂದ ಐದು ಹೆಜ್ಜೆ ಮೂಸಿ, 3ರಿಂದ 5 ಸೆಕೆಂಡಿನಲ್ಲಿ ಅವನು ಯಾವ ಕಡೆ ಹೋದ ಅಂತ ತಿಳಿದುಕೊಂಡವು. ಒಂದು ಹೆಜ್ಜೆಗಿಂತ ಮುಂದಿನ ಹೆಜ್ಜೆ ಕೂದಲೆಳೆಯಷ್ಟು ಹೊಸದು, ಆ ವ್ಯತ್ಯಾಸ ಅವಕ್ಕೆ ಸಿಗುತ್ತದೆ. ಜಾಡು ಐದು ಗಂಟೆ ಹಳೆಯದಾದರೆ? ಎಲ್ಲ ಹೆಜ್ಜೆಗಳೂ ಹೆಚ್ಚುಕಮ್ಮಿ ಒಂದೇ ತರ ಮಂಕು. ಆಗ ಒಳ್ಳೇ ನಾಯಿಯೂ ಹಿಂದುಮುಂದಾಗಿ, ರಕೂನ್ ಬಂದ ದಾರಿಯಲ್ಲೇ ಹೋಗಿಬಿಡುವುದುಂಟು. ಇದು ಕಿವಿಗೆ ಗೊತ್ತಾಗುತ್ತದೆ. ಸರಿಯಾದ ದಿಕ್ಕಿನಲ್ಲಿ ಹೋದರೆ ಕೂಗು ದಟ್ಟವಾಗುತ್ತಾ ಬರುತ್ತದೆ. ಉಲ್ಟಾ ಹೋದರೆ ಕೂಗಿನ ನಡುವೆ ಮೌನ ಬೆಳೆಯುತ್ತಾ ಹೋಗುತ್ತದೆ. ಅನುಭವಿ ನಾಯಿ ತಾನೇ ನಿಂತು, ವಾಪಸ್ ಬಂದು, ಶುರು ಮಾಡಿದ ಜಾಗದಿಂದ ಇನ್ನೊಂದು ಕಡೆ ಹಿಡಿಯುತ್ತದೆ. ಅಜ್ಜನ ನಾಯಿ ಇದನ್ನು ಕಲಿಯೋಕೆ ನಾಲ್ಕು ವರ್ಷ ತಗೊಂಡಿತಂತೆ.

ಈ ಮೂಗಿಗೆ ಇಲ್ಲಿನವರು ಎಷ್ಟು ಬೆಲೆ ಕೊಡುತ್ತಾರೆ ಅಂತ ನೋಡಬೇಕಿದ್ದರೆ ಅಲಬಾಮಾದ ಟಸ್ಕಂಬಿಯಾ ಹತ್ತಿರ ಹೋಗಿಬನ್ನಿ. ಅಲ್ಲಿ ಬರೀ ಕೂನ್‌ಹೌಂಡ್‌ಗಳ ಸ್ಮಶಾನ ಇದೆ. 1937ರ ಸೆಪ್ಟೆಂಬರ್ 4ರಂದು ಕೀ ಅಂಡರ್‌ವುಡ್ ಅನ್ನುವವರು ತಮ್ಮ ನಾಯಿ ಟ್ರೂಪ್‌ನನ್ನು ಅಲ್ಲಿ ಹೂಳಿದರು, ಅದೇ ಮೊದಲು. ಈಗ ಮುನ್ನೂರಕ್ಕೂ ಜಾಸ್ತಿ ಸಮಾಧಿಗಳಿವೆ. ಟ್ರೂಪ್ ಅಚ್ಚ ತಳಿಯದಲ್ಲ, ಅರ್ಧ ರೆಡ್‌ಬೋನ್. ಆದರೂ ಜನ ಅದನ್ನು ನೆನೆಯುವುದು ತಣ್ಣನೆ ಜಾಡನ್ನು ಹಿಡಿದು, ಅದು ಬಿಸಿಯಾಗುವ ತನಕ ಬಿಡದೆ, ಮರದ ಬುಡಕ್ಕೆ ಮುಟ್ಟಿಸುತ್ತಿತ್ತು ಅಂತ.

ನೀವು ಹೋಗುವುದಾದರೆ ಮೊದಲ ರಾತ್ರಿ ವಾಕರ್ ಇದ್ದವರ ಜೊತೆ ಹೋಗಿ, ಬೇಗ ಏನಾದರೂ ನೋಡಲು ಸಿಗುತ್ತದೆ. ಎರಡನೇ ರಾತ್ರಿ ಬ್ಲೂಟಿಕ್‌ನವರ ಜೊತೆ. ಆವತ್ತು ಎರಡು ಜೊತೆ ಕಾಲುಚೀಲ, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಳ್ಳಿ. ಮನೆಯಲ್ಲಿ ಮಾತ್ರ ಯಾವಾಗ ಬರುತ್ತೀರಿ ಅಂತ ಟೈಮ್ ಹೇಳೋಕೆ ಹೋಗಬೇಡಿ. ನಾನು ಒಂದು ಸಲ ಹನ್ನೊಂದಕ್ಕೆ ಬರ್ತೀನಿ ಅಂತ ಹೇಳಿ ಹೋಗಿದ್ದೆ. ಬಂದಾಗ ಹಾಲಿನ ಗಾಡಿ ಎದುರಾಯಿತು.