ಎಷ್ಟು ಚೀಲ ಎಂದು ಕೇಳಬೇಡಿ

ಕಾರ್ಕಳದ ಓದುಗರೊಬ್ಬರು ಬರೆದಿದ್ದಾರೆ: "ಮುಂಬಯಿ ಬಿಟ್ಟು ಬಂದು ಅಪ್ಪನ ಅಡಿಕೆ ತೋಟ ನೋಡಿಕೊಳ್ಳುತ್ತಿದ್ದೇನೆ. ಮಣ್ಣು ಪರೀಕ್ಷೆ ಮಾಡಿಸಿದೆ. ಹುಳಿ ಜಾಸ್ತಿ, ಪಿಎಚ್ 4.8 ಅಂತ ಬಂತು. ಗೊಬ್ಬರ ಹಾಕಿದರೂ ಸೋಗೆ ಹಳದಿ. ಇನ್ನೆಷ್ಟು ಚೀಲ ಹಾಕಿದರೆ ಮಣ್ಣು ಸರಿಯಾದೀತು?"

ಮಣ್ಣು ಪರೀಕ್ಷೆ ಮಾಡಿಸಿದಿರಲ್ಲ, ಮೊದಲು ಅದಕ್ಕೆ ಶಹಬ್ಬಾಸ್. ಹೆಚ್ಚಿನವರು ಅಂಗಡಿಯವರು ಹೇಳಿದ್ದನ್ನೇ ತಂದು ಸುರಿಯುತ್ತಾರೆ. ಆದರೆ ವರದಿ ಕೈಯಲ್ಲಿಟ್ಟುಕೊಂಡು ಮತ್ತೆ ಚೀಲದ ಲೆಕ್ಕವನ್ನೇ ಕೇಳುತ್ತೀರಲ್ಲ ಮಾರಾಯ್ರೆ!

ನಮ್ಮ ಕರಾವಳಿಯದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಮಣ್ಣು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಆ ನೀರು ಸುಣ್ಣದಂಶವನ್ನೂ ಪೊಟ್ಯಾಶನ್ನೂ ತೊಳೆದು ತೋಡಿಗೆ ಸೇರಿಸುತ್ತದೆ. ಉಳಿಯುವ ಕಬ್ಬಿಣ, ಅಲ್ಯೂಮಿನಿಯಂ ನೀವು ಹಾಕಿದ ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಯೂರಿಯಾ ಹಾಕುತ್ತಾ ಹೋದರೆ ಹುಳಿ ಇನ್ನೂ ಏರುತ್ತದೆ. ಈ ಮಣ್ಣಿನಲ್ಲಿ ಸಾರ ನಿಲ್ಲಬೇಕಾದರೆ ಕೊಳೆತ ಸೊಪ್ಪು ಬೇಕು. ಹಿರಿಯರು ದನದ ಹಟ್ಟಿಗೆ ಸೊಪ್ಪು ಹಾಸಿ, ಗೊಬ್ಬರ ಮಾಡಿ ಗದ್ದೆಗೆ ಹೊತ್ತದ್ದು ಸುಮ್ನೆ ಅಲ್ಲ. ಏಣೇಲು, ಅಂದರೆ ಮಳೆಗಾಲದ ಭತ್ತ, ಕೊಯ್ದ ಮೇಲೆ ಉದ್ದು, ಅವಡೆಯಂಥ ದ್ವಿದಳ ಕಾಳು ಬಿತ್ತಿದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕವೂ ಬಂತು.

ರಸಗೊಬ್ಬರ ವಿಷ ಎಂದು ನಾನು ಹೇಳುವುದಿಲ್ಲ. ಪೊಟ್ಯಾಶ್ ಕಡಿಮೆ ಇದ್ದರೆ ಕೊಡಿ, ಕಂತಿನಲ್ಲಿ ಕೊಡಿ. ಅದಕ್ಕಿಂತ ಹೆಚ್ಚಿನ ಭರವಸೆ ಅದರ ಮೇಲೆ ಬೇಡ.

ಆಟಿ ತಿಂಗಳ ಜೋರು ಮಳೆಯಲ್ಲಿ ಹಿರಿಯಡ್ಕದ ಹತ್ತಿರ ಪರಿಚಯದವರ ತೋಟಕ್ಕೆ ಹೋಗಿದ್ದೆ. ಅಡಿಕೆ ಬುಡದ ತರಗೆಲೆ ಸರಿಸಿದರೆ ಬಿಳಿ ನೂಲಿನಂಥ ಬೂಸ್ಟು, ಎರೆಹುಳದ ಹಿಕ್ಕೆ, ಎಲೆಗೆ ಅಂಟಿಕೊಂಡೇ ಬರುವ ಎಳೆ ಬೇರು. ಬೇಲಿಯಾಚೆ ಕಳೆನಾಶಕ ಹೊಡೆದಿದ್ದರು. ನೆಲ ಬೋಳು. ಅಲ್ಲಿನ ಕಣಿಯಲ್ಲಿ (ಬಸಿಗಾಲುವೆಯಲ್ಲಿ) ನೀರು ಕೆಂಪಗೆ ಹರಿಯುತ್ತಿತ್ತು, ಇಲ್ಲಿನದರಲ್ಲಿ ತಿಳಿಯಾಗಿ. ಮಳೆಯೂ ಒಂದೇ, ಗುಡ್ಡೆಯೂ ಒಂದೇ!

ನಿಮ್ಮ ಹುಳಿಗೆ ಸುಣ್ಣವೋ ಡೋಲೊಮೈಟೋ ಬೇಕು. ಎಷ್ಟು ಎಂಬುದನ್ನು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರದಿ ತೋರಿಸಿ ಕೇಳಿ. ಸುಣ್ಣ ಹಾಕಿ ಎರಡು ಮೂರು ವಾರ ರಸಗೊಬ್ಬರ ಮುಟ್ಟಬೇಡಿ. ಬೇಲಿಗೆ ಗ್ಲಿರಿಸಿಡಿಯಾ ಎಂಬ ಸೊಪ್ಪಿನ ಗಿಡದ ಗೂಟ ಊರಿ. ಚಿಗುರಿ ಬೆಳೆದ ಮೇಲೆ ಸವರಿ ಬುಡಕ್ಕೆ ಹಾಕುತ್ತಾ ಬನ್ನಿ. ಒಂದೇ ಮಳೆಗಾಲದಲ್ಲಿ ಸರಿಹೋಗುವ ಕೆಲಸ ಇದಲ್ಲ.

ಅಷ್ಟು ಸೊಪ್ಪು ಎಲ್ಲಿಂದ ತರೋದು ಎನ್ನುತ್ತೀರಿ, ಅಲ್ವಾ? ನನ್ನ ಸಂಕಟವೂ ಅದೇ. ಜಮೀನಿಗೆ ತಾಗಿದ ಸರಕಾರಿ ಕುಮ್ಕಿ ಜಾಗ ಇದ್ದದ್ದೇ ಕೃಷಿಕರಿಗೆ ಸೊಪ್ಪು, ಸೌದೆ ಸಿಗಲಿ ಎಂದು. ಎಷ್ಟೋ ಕಡೆ ಅಲ್ಲೀಗ ರಬ್ಬರ್. ಹಾಡಿಗಳು, ಅಂದರೆ ಊರ ಪಕ್ಕದ ಸಣ್ಣ ಕಾಡುಗಳು, ಸೈಟುಗಳಾದವು. ಗುಡ್ಡೆಗಳಲ್ಲಿ ಅಕೇಶಿಯಾ ನೆಟ್ಟರು, ಅದರ ಎಲೆ ಬೇಗ ಕರಗುವುದಿಲ್ಲ. ಸೊಪ್ಪಷ್ಟೇ ಅಲ್ಲ, ಮಣ್ಣೂ ಹೋಯಿತು: 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ ಶುರುವಾದ ಮೇಲೆ ಹೊಳೆಬದಿಯ ಆವೆಮಣ್ಣು ಹೆಂಚಾಗುತ್ತಾ ಹೋಯಿತು. ಈಗ ಗದ್ದೆಗೇ ಗುಡ್ಡೆಯ ಮಣ್ಣು ತುಂಬಿಸಿ ಮನೆ ಕಟ್ಟುತ್ತೇವೆ. ಅಂಗಳಕ್ಕೆ ಇಂಟರ್‌ಲಾಕ್. ಉಡುಪಿ ಪೇಟೆಯಲ್ಲಿ ಬೆಳಿಗ್ಗೆ ನಡೆದು ನೋಡಿ: ಮಾವು, ಹಲಸಿನ ತರಗೆಲೆ ಗುಡಿಸಿ ಬೆಂಕಿ ಕೊಡುತ್ತಾರೆ. ಹೂಕುಂಡಕ್ಕೆ ಗೊಬ್ಬರದ ಪ್ಯಾಕೆಟ್ ಆನ್‌ಲೈನಿನಲ್ಲಿ ತರಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ತರಗೆಲೆಯನ್ನು ಗೋಣಿಯಲ್ಲಿ ತುಂಬಿಸಿ ತೋಟದವರಿಗೆ ಮುಟ್ಟಿಸುವ ವ್ಯವಸ್ಥೆ ಪಂಚಾಯತು, ನಗರಸಭೆಗಳು ಮಾಡಬಾರದಾ? ಕಸದ ಗಾಡಿ ಹೇಗೂ ದಿನಾ ಬರುತ್ತದೆ. ನಿಮ್ಮ ಗ್ರಾಮಸಭೆಯಲ್ಲಿ ಈ ಮಾತು ನೀವೇ ಎತ್ತಿ. ನಿರ್ಣಯ ಆದರೆ ಅದರ ಪ್ರತಿ ಕಳಿಸಿ, ಪ್ರಕಟಿಸುತ್ತೇವೆ.

– ಸಂ.